ಹಿಟ್ಟು ಉಬ್ಬಿದ ಚಳಿಗಾಲ

ಜನವರಿ ಹತ್ತು, ಬೆಳಿಗ್ಗೆ ಆರೂಕಾಲು. ಹಾಜರಿದ್ದವರು ನಾಲ್ವರು: ಮನೆಯ ಅಜ್ಜಿ, ಅವರ ಸೊಸೆ, ನಮ್ಮ ಅಡುಗೆಯವರು, ನಾನು. ಅಡುಗೆಯವರು ಸ್ವೆಟರಿನ ಬಲತೋಳನ್ನು ಮೊಣಕೈಯ ಮೇಲಕ್ಕೆ ಸರಿಸಿ, ಅಜ್ಜಿಯ ಹಾಸಿಗೆಯ ಪಕ್ಕ ಇಟ್ಟಿದ್ದ ಹುಲ್ಲಿನ ಬುಟ್ಟಿಯೊಳಗೆ ಕೈ ತೂರಿಸಿದ್ದರು. ಆ ಮುಂಗೈಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ನಲವತ್ತು ವರ್ಷದ ಇಡ್ಲಿ ಹಬೆ ಅದನ್ನು ಬೋಳಿಸಿ, ಹುಣಸೆಹಣ್ಣಿನಲ್ಲಿ ಉಜ್ಜಿದ ಹಿತ್ತಾಳೆಯ ಹಾಗೆ ಹೊಳಪು ಕೊಟ್ಟಿತ್ತು. ಹೊರಗೆ ಸೊಂಟದೆತ್ತರ ಹಿಮ. ಹುಲ್ಲಿನಿಂದ ಕೈ ಹೊರಗೆ ಬಂತು. ನಾವು ಮೂವರು ಹೆಂಗಸರೂ ಅವರ ಮುಖ ನೋಡಿದೆವು.

"ಬೆಚ್ಚಗುಂಟು" ಎಂದರು, ಮಲಗಿದ ಮಗುವಿನ ವಿಷಯ ಹೇಳುವವರಂತೆ ಮೆಲ್ಲಗೆ.

ಆ ಬುಟ್ಟಿಯಲ್ಲಿ ಇದ್ದದ್ದು ಇಡ್ಲಿ ಹಿಟ್ಟು. ಅದು ಉಬ್ಬುತ್ತದೋ ಇಲ್ಲವೋ ಎಂಬುದರ ಮೇಲೆ ಆ ಮನೆಯಲ್ಲಿ ಒಂದು ಜೀವ ನಿಂತಿತ್ತು. ಅದು ಹೇಗೆಂದು ಹೇಳುವ ಮೊದಲು ಈ ಮನುಷ್ಯರು ಯಾರು ಎಂದು ಹೇಳಬೇಕು.

ನಾನು ಮೂವತ್ತನಾಲ್ಕು ವರ್ಷ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳು. ಮನೆ ಸಯನ್‌ನಲ್ಲಿ. ಆಸ್ಪತ್ರೆಯ ಗೇಟಿನ ಎದುರಿಗೆ ಒಂದು ಉಡುಪಿ ಹೋಟೆಲು. ಬೆಳಗಿನ ಪಾಳಿಗೆ ಮೊದಲು, ಆರು ಹತ್ತಕ್ಕೆ, ಅಲ್ಲಿ ಎರಡು ಇಡ್ಲಿ, ಒಂದು ಲೋಟ ಕಾಫಿ. ಅಡುಗೆಯವರ ಪರಿಚಯ ಅಲ್ಲಿಯದು. ಹೋಟೆಲಿನಲ್ಲಿ ಒಲೆಯ ಮುಂದೆ ನಿಲ್ಲುವವರನ್ನೆಲ್ಲ ಭಟ್ರೇ ಎನ್ನುವುದು ರೂಢಿ. ನಾನೂ ಹಾಗೆಯೇ ಕರೆದೆ. ಅವರಿಗೆ ನಾನು ಸಿಸ್ಟರ್. ಅಷ್ಟು ವರ್ಷಗಳಲ್ಲಿ ಈ ಎರಡು ಮಾತು ಬದಲಾಗಲಿಲ್ಲ.

ಆಪರೇಷನ್ ಆದ ರೋಗಿಗೆ ಡಾಕ್ಟರು ಮೆತ್ತಗಿನದು ಏನಾದರೂ ಕೊಡಿ ಎಂದ ಕೂಡಲೇ ಮನೆಯವರು ಓಡುತ್ತಿದ್ದದ್ದು ಆ ಹೋಟೆಲಿಗೆ. ಯಾರಿಗೆ ಎಂದು ಅಡುಗೆಯವರು ಒಳಗಿನಿಂದಲೇ ಕೇಳುತ್ತಿದ್ದರು. ಪೇಷಂಟ್‌ಗೆ ಎಂದರೆ ತಟ್ಟೆಯ ನಡುವಿನ ಗುಳಿಯ ಇಡ್ಲಿಯನ್ನೇ ಎಬ್ಬಿಸಿ ಕಟ್ಟಿಸುತ್ತಿದ್ದರು. ಅಂಚಿನ ಇಡ್ಲಿಗೆ ಹಬೆಯ ನೀರು ಇಳಿದು ಭಾರವಾಗುತ್ತದೆ, ಕಾಯಿಲೆಯವರಿಗೆ ಅದು ಸಲ್ಲದು ಎಂಬುದು ಅವರ ಮತ. ನಾನು ಆರೋಗ್ಯವಂತೆಯಾದ್ದರಿಂದ ನನಗೆ ಯಾವಾಗಲೂ ಅಂಚಿನದೇ. ಒಮ್ಮೆ ಜ್ವರವಿದ್ದಾಗ ಕೇಳದೆಯೇ ನಡುವಿನದು ಬಂತು. ಹೇಗೆ ತಿಳಿಯಿತು ಎಂದೆ. "ಹಸಿವು ಹೊಟ್ಟೆಯಲ್ಲಿ ಇರೂದಲ್ಲ ಸಿಸ್ಟರ್, ಮೂಗಿನಲ್ಲಿ ಇರೂದು. ನೀವು ಇವತ್ತು ಬಾಗಿಲು ದಾಟುವಾಗ ಮೂಗು ಎತ್ತಲಿಲ್ಲ" ಎಂದರು.

ನಾನು ನಿವೃತ್ತಳಾದ ಮೇಲೆ ಘಾಟ್ಕೋಪರಿನ ಒಂದು ಟ್ರಸ್ಟಿನವರು ಕೇಳಿದರು. ಹಿಮಾಚಲದ ಎತ್ತರದ ಕಣಿವೆಯೊಂದರಲ್ಲಿ ಅವರದೊಂದು ಸಣ್ಣ ದವಾಖಾನೆ ಇತ್ತು. ಬೇಸಿಗೆಯಲ್ಲಿ ಮಾತ್ರ ನಡೆಯುತ್ತಿದ್ದ ಅದನ್ನು ಚಳಿಗಾಲದಲ್ಲೂ ತೆರೆದಿಟ್ಟು, ಹಳ್ಳಿಯ ಮುದುಕರಿಗೆ ದಿನಕ್ಕೊಂದು ಬಿಸಿಯೂಟ ಹಾಕುವ ಯೋಚನೆ. ನವೆಂಬರಿನಲ್ಲಿ ರಸ್ತೆ ಮುಚ್ಚಿದರೆ ತೆರೆಯುವುದು ಏಪ್ರಿಲಿನಲ್ಲಿ; ನಡುವೆ ಬರುವಂತಿಲ್ಲ, ಹೋಗುವಂತಿಲ್ಲ. ನಾನು ಒಪ್ಪಿದೆ. ಅರವತ್ತೆರಡು ವರ್ಷಕ್ಕೆ ಹಿಮ ನೋಡಿರಲಿಲ್ಲ. ಒಪ್ಪುವುದಕ್ಕೆ ಅರ್ಧ ಕಾರಣ ಅದೇ.

ಈ ಸುದ್ದಿ ಹೇಳಲು ಆರು ಹತ್ತಕ್ಕೆ ಹೋಟೆಲಿಗೆ ಹೋದೆ. ಅಡುಗೆಯವರೂ ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು, ಆದರೂ ದಿನಾ ಬಂದು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತು ಹೊಸಬರ ತಪ್ಪು ಹುಡುಕುತ್ತಿದ್ದರು. ಹಿಮ ಎಂದರೆ ಫ್ರಿಜ್ಜಿನೊಳಗೆ ಕಟ್ಟುವುದೇ ಅಲ್ಲವೇ, ಅದಕ್ಕೆ ಅಷ್ಟು ದೂರ ಯಾಕೆ ಎಂದು ನಗೆಯಾಡಿದರು. ಮರುದಿನ ನಾನು ಕೂರುವ ಮೊದಲೇ, "ಅಡುಗೆಗೆ ಯಾರನ್ನಾದರೂ ನೋಡಿದ್ದಾರಾ ಅವರು? ಇಲ್ಲದಿದ್ರೆ ನನ್ನ ಹೆಸರು ಬರೀರಿ ಮಾರಾಯ್ರೇ" ಎಂದರು. ಉಡುಪಿ ಕಡೆಯ ಹಳ್ಳಿಯಲ್ಲಿದ್ದ ಅವರ ಹೆಂಡತಿ ಫೋನಿನಲ್ಲಿ, ಇಷ್ಟು ವರ್ಷ ಒಲೆಯ ಮುಂದೆ ಬೆಂದದ್ದು ಸಾಕು, ಸ್ವಲ್ಪ ತಣ್ಣಗಾಗಿ ಬನ್ನಿ ಎಂದರಂತೆ.

ನವೆಂಬರ್ ಕೊನೆಯಲ್ಲಿ ಕೊನೆಯ ಬಸ್ಸಿಗೆ ಹತ್ತಿ ಹೋದೆವು. ಹದಿನೇಳು ಮನೆಗಳ ಹಳ್ಳಿ. ನಾವಿದ್ದ ಮನೆಯಲ್ಲಿ ಕೆಳಗೆ ದನದ ಕೊಟ್ಟಿಗೆ, ಅದರ ಅಟ್ಟದಲ್ಲಿ ಹುಲ್ಲು, ಮೇಲೆ ಒಂದೇ ದೊಡ್ಡ ಕೋಣೆಯಲ್ಲಿ ಕಬ್ಬಿಣದ ಒಲೆಯ ಸುತ್ತ ಎಲ್ಲರ ಹಾಸಿಗೆ. ಮನೆಯಲ್ಲಿ ಎಪ್ಪತ್ತೆಂಟರ ಅಜ್ಜಿ, ಸೊಸೆ. ಮಗ ಕೆಳಗಿನ ಊರಿನಲ್ಲಿ ಲಾರಿ ಓಡಿಸುತ್ತಿದ್ದ. ನಾವು ಬಂದ ಮರುದಿನವೇ ಘಾಟಿಯ ರಸ್ತೆ ಮುಚ್ಚಿ ಆಚೆಯೇ ಉಳಿದ. ಹೋದ ದಿನವೇ ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಆರಕ್ಕೆ ಏಳುವುದು, ಹಿಮ ಬೀಳತೊಡಗಿದ ಮೇಲೆ ಏಳಕ್ಕೆ ಅದನ್ನು ಚಪ್ಪಟೆ ಮಾಳಿಗೆಯ ಮೇಲಿನಿಂದ ತಳ್ಳುವುದು, ಎಂಟಕ್ಕೆ ದವಾಖಾನೆ, ಹನ್ನೆರಡಕ್ಕೆ ಊಟ.

ಆ ಪಟ್ಟಿಯನ್ನು ಮೊದಲು ಮುರಿದವರು ಅಡುಗೆಯವರು. ನಾವು ಹೋದ ಆರನೆಯ ದಿನ, ಐದು ಹತ್ತಕ್ಕೆ ನನ್ನನ್ನು ಎಬ್ಬಿಸಿದರು. "ಸಿಸ್ಟರ್, ಏಳಿ ಏಳಿ. ಆಕಾಶದಿಂದ ಇಡ್ಲಿ ರವೆ ಬೀಳ್ತಾ ಉಂಟು." ನಾನು ಕಾಲುಚೀಲವನ್ನೂ ಹಾಕದೆ ಓಡಿದೆ. ಮಾಳಿಗೆಯಲ್ಲಿ ನಿಂತು ಅವರು ಆ ಬೋಳು ಮುಂಗೈ ಚಾಚಿ ಹಿಮ ಹಿಡಿಯುತ್ತಿದ್ದರು, ನೆಕ್ಕಿ ನೋಡುತ್ತಿದ್ದರು, ಉಪ್ಪಿಲ್ಲ ಎಂದು ವರದಿ ಕೊಡುತ್ತಿದ್ದರು. ಇಬ್ಬರೂ ಚಳಿಗೆ ಹಲ್ಲು ಕಟಕಟಿಸುತ್ತಾ ಸುಮ್ಮನೆ ನಕ್ಕೆವು. ಅಂಥ ನಗು ನನಗೆ ಶಾಲೆ ಬಿಟ್ಟ ಮೇಲೆ ಬಂದಿರಲಿಲ್ಲ.

ಅಜ್ಜಿಗೆ ಡಿಸೆಂಬರಿನಲ್ಲಿ ಜ್ವರ ಬಂತು. ಜ್ವರ ಇಳಿಯಿತು, ಊಟ ಮರಳಲಿಲ್ಲ. ಉಪ್ಪು ಬೆಣ್ಣೆ ಹಾಕಿದ ಅವರ ಚಹಾ ಬಿಟ್ಟರೆ ಬೇರೇನೂ ಒಲ್ಲರು. ಬಾರ್ಲಿ ರೊಟ್ಟಿ ಅಗಿಯಲಾಗದು ಎಂದರು. ಗಂಜಿ ಮಾಡಿದರೆ ಇದು ಕರುವಿನ ಊಟ ಎಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ನಾಡಿ, ಬಿ.ಪಿ. ಎಲ್ಲ ಸರಿಯಿದ್ದೂ ಜೀವ ಇಳಿಯುವುದನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಪ್ರತಿ ಸೋಮವಾರ ತೂಕ ನೋಡುತ್ತಿದ್ದೆ, ಪ್ರತಿ ಸೋಮವಾರ ಮುಳ್ಳು ಹಿಂದಕ್ಕೆ. ಆಸ್ಪತ್ರೆ ಹಿಮದ ಆಚೆ. ಮಗ ಬರುವವರೆಗೆ ಇರ್ತಾರಾ ಎಂದು ಸೊಸೆ ಕೇಳಿದಾಗ ನಾನು ಅಜ್ಜಿಯ ನಾಡಿಯನ್ನು ಮತ್ತೊಮ್ಮೆ ಹಿಡಿದು ನೋಡಿದೆ.

ಅಡುಗೆಯವರು ಇಡ್ಲಿ ಕೊಡುವ ಎಂದರು. ಹಾಲಿನಲ್ಲಿ ನೆನೆಸಿದ ಇಡ್ಲಿಗೆ ಹಲ್ಲು ಬೇಡ, ಅದನ್ನು ಬೇಡ ಎಂದ ರೋಗಿ ಅವರ ನಲವತ್ತು ವರ್ಷದಲ್ಲಿ ಇಲ್ಲ. ಉದ್ದಿನಬೇಳೆ, ಇಡ್ಲಿ ರವೆ ಮುಂಬಯಿಯಿಂದಲೇ ತಂದಿದ್ದರು. ಕರೆಂಟು ಇದ್ದ ಎರಡು ಗಂಟೆಯಲ್ಲಿ ಮಿಕ್ಸಿಯಲ್ಲಿ ರುಬ್ಬಿದರು. ಮರುದಿನ ಬೆಳಿಗ್ಗೆ ಹಿಟ್ಟಿನೊಳಗೇ ಬಿಟ್ಟಿದ್ದ ಸೌಟು ಹಿಡಿದು ಎತ್ತಿದರೆ, ಸೌಟಿನ ಜೊತೆ ಪಾತ್ರೆಯೇ ಎದ್ದು ಬಂತು. ಹಿಟ್ಟು ಕಲ್ಲಾಗಿತ್ತು.

ಅವರು ಪಾತ್ರೆ ಇಟ್ಟದ್ದು ಎಲ್ಲಿ? ಒಲೆಯಿಂದ ದೂರ, ಬಾಗಿಲ ಸಂದಿಯ ಗಾಳಿ ಬೀಳುವ ಮೂಲೆಯಲ್ಲಿ, ಬರಿಯ ನೆಲದ ಮೇಲೆ. ಮುಂಬಯಿಯ ಸೆಕೆಯಲ್ಲಿ ಹೋಟೆಲಿನವರ ಭಯ ಒಂದೇ, ಹಿಟ್ಟು ಬೆಳಗಾಗುವ ಮೊದಲೇ ಹುಳಿಯಾಗಿ ಉಕ್ಕುವುದು. ತಣ್ಣೀರಿನಲ್ಲಿ ರುಬ್ಬುವುದು, ತಂಪು ಮೂಲೆ ಹುಡುಕುವುದು, ಉಪ್ಪನ್ನು ಬೆಳಿಗ್ಗೆ ಹಾಕುವುದು, ಅವರ ವಿದ್ಯೆಯೆಲ್ಲ ಹಿಟ್ಟನ್ನು ತಡೆಯುವುದಕ್ಕೆ. ಮೈನಸ್ ಹದಿನೆಂಟು ಡಿಗ್ರಿಯಲ್ಲೂ ಅವರ ಕೈ ತಾನಾಗಿ ತಂಪು ಮೂಲೆಯನ್ನೇ ಹುಡುಕಿಕೊಂಡಿತ್ತು.

ಪಾತ್ರೆಯನ್ನು ಸೌಟಿನಲ್ಲಿ ನೇತಾಡಿಸಿಕೊಂಡು, "ನಲ್ವತ್ತು ವರ್ಷ ತಡೆದದ್ದೇ ಆಯ್ತು ಸಿಸ್ಟರ್. ಬಾ ಅಂತ ಕರಿಯೂದು ಹೇಗೆ ಅಂತಲೇ ಗೊತ್ತಿಲ್ಲ ನಂಗೆ" ಎಂದು ನಕ್ಕರು. ಆ ಸದ್ದಿಗೆ ಅಜ್ಜಿ ಈ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ಗೋಡೆ ಬಿಟ್ಟು ತಿರುಗಿದ್ದು. ಪಾತ್ರೆ ಸೌಟಿನ ತುದಿಯಲ್ಲಿ ತೂಗುವುದನ್ನು ಕಂಡು, "ಬಂಬಯಿವಾಲಾ, ತುಮ್‌ಕೋ ಕುಛ್ ನಹೀ ಆತಾ" ಎಂದರು. ನಿನಗೆ ಏನೂ ಬರುವುದಿಲ್ಲ!

ಅಡುಗೆಯವರು ಆ ಮಾತನ್ನು ಬಹುಮಾನದಂತೆ ತೆಗೆದುಕೊಂಡರು. ಪಾತ್ರೆ ಹೊತ್ತು ಅಜ್ಜಿಯ ಹಾಸಿಗೆಯ ಬಳಿ ಕೂತು, ತಮ್ಮ ಬಂಬಯಿ ಹಿಂದಿಯಲ್ಲಿ, ಹಾಗಾದರೆ ನೀವೇ ಹೇಳಿಕೊಡಿ ಎಂದರು. ಬಾರ್ಲಿಯಿಂದ ಮನೆಯಲ್ಲೇ ಪಾನೀಯ ಹುದುಗಿಸುವ ಊರು ಅದು. ಅಜ್ಜಿಗೆ ಅದರಲ್ಲಿ ಅರವತ್ತು ವರ್ಷದ ಕೈ. ದನದ ಕೊಟ್ಟಿಗೆಯ ಮೇಲಿನ ಹುಲ್ಲಿನಲ್ಲಿ ಹೂತಿಡಬೇಕು, ದನಗಳ ಉಸಿರಿನ ಬಿಸಿ ಏರುವುದು ಅಲ್ಲಿಗೆ. ಒಂದು ರಾತ್ರಿಯಲ್ಲಿ ಇಲ್ಲಿ ಏನೂ ಆಗದು, ಮೂರು ದಿನ ಬೇಕು ಎಂದು ಸೊಸೆಯ ಮೂಲಕ ಪಾಠ ಹೇಳಿದರು.

ಅಂದಿನಿಂದ ದಿನಾ ಬೆಳಿಗ್ಗೆ, ಅಟ್ಟದಿಂದ ತೆಗೆದ ಪಾತ್ರೆ ಹುಲ್ಲು ತುಂಬಿದ ಬುಟ್ಟಿಯಲ್ಲಿ ಅಜ್ಜಿಯ ಹಾಸಿಗೆಗೆ ಬರತೊಡಗಿತು. ಅಡುಗೆಯವರು ಮುಚ್ಚಳ ಸರಿಸಿ ಅಜ್ಜಿಯ ಮೂಗಿನ ಹತ್ತಿರ ಹಿಡಿಯುವರು, ಬಂತಾ ಎಂದು ಕೇಳುವರು. ಅಜ್ಜಿ ಮೂಸಿ, ಇಲ್ಲ ಎಂದು ತಲೆಯಾಡಿಸಿ, ಹೊಸ ಬೈಗುಳದೊಡನೆ ಹೊಸ ಸಲಹೆ ಕೊಡುವರು. ಹಾಗೆ ಹುಲ್ಲಿನಲ್ಲಿ ಇಟ್ಟ ಮೊದಲ ಹಿಟ್ಟು ಕೆಟ್ಟಿತು, ಎರಡನೆಯದು ಕಹಿಯಾಯಿತು. ಅಜ್ಜಿ ಮಾತ್ರ ಆರು ಗಂಟೆಗೆ ಎದ್ದು ದಿಂಬಿಗೆ ಒರಗಿ ಕಾಯತೊಡಗಿದರು.

ಜನವರಿ ಒಂಬತ್ತರ ಬೆಳಿಗ್ಗೆ ಮುಚ್ಚಳ ಸರಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಹಿಟ್ಟು ಏರಿತ್ತು, ಮೇಲೆ ಗುಳ್ಳೆಗಳೂ ಇದ್ದವು. ನಾನು ಬಾಯಿ ತೆರೆದೆ. ಅಡುಗೆಯವರು ತಟ್ಟನೆ ಮುಚ್ಚಳ ಹಾಕಿ, ಅಜ್ಜಿಗೆ ತಿಳಿಯದಂತೆ ಕನ್ನಡದಲ್ಲಿ ಅಂದರು: "ಇವತ್ತು ಬೇಡ ಸಿಸ್ಟರ್. ಈಗ ಕೊಟ್ರೆ ನಾನು ಮಾಡಿದ ಇಡ್ಲಿ ಆಗ್ತದೆ. ಅವರದ್ದಾಗ್ಲಿ."

ಆಮೇಲೆ ಅಜ್ಜಿಯ ಕಡೆ ಸಪ್ಪೆ ಮುಖ ಮಾಡಿ, ಇನ್ನೂ ಸಾಲದು, ಬೇರೆ ಏನಾದರೂ ದಾರಿ ಇದೆಯೇ ಎಂದರು. ಅಜ್ಜಿ ಸಿಟ್ಟಾಗಿ, ಸೊಸೆಯಿಂದ ತಮ್ಮ ಮದುವೆಯ ಉಣ್ಣೆ ಶಾಲು ತರಿಸಿ, ಅದನ್ನು ಪಾತ್ರೆಗೆ ಸುತ್ತಿಸಿದರು. ಸೊಸೆ ಎರಡು ಸಲ ತಪ್ಪು ಸುತ್ತಿ ಬೈಸಿಕೊಂಡಳು.

ಹಾಗೆ ಬಂದದ್ದು ಹತ್ತನೆಯ ತಾರೀಖು. ಶಾಲು ಬಿಚ್ಚಿದರೆ ಹಿಟ್ಟು ಮುಚ್ಚಳವನ್ನೇ ಎತ್ತಿ ಅಂಚಿನಿಂದ ಇಳಿಯುತ್ತಿತ್ತು. ಅಜ್ಜಿ ಮೂಸಿದರು. ಇನ್ನೊಮ್ಮೆ ಮೂಸಿದರು. ಸೊಸೆಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿ ಗೆದ್ದವರಂತೆ ನಮ್ಮನ್ನು ನೋಡಿದರು. ಇಡ್ಲಿ ಬೇಯಲು ಇಪ್ಪತ್ತೆಂಟು ನಿಮಿಷ ಹಿಡಿಯಿತು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಗ ಬೇಯಿಸುವುದಿಲ್ಲ. ಅಷ್ಟು ಹೊತ್ತು ಅಡುಗೆಯವರು ಒಲೆ ಬಿಟ್ಟು ಕದಲಲಿಲ್ಲ, ನಾನು ಗಡಿಯಾರ ಬಿಟ್ಟು ಕದಲಲಿಲ್ಲ. ಏಳು ಗಂಟೆಯ ಹಿಮ ತಳ್ಳುವ ಕೆಲಸ ಮೊದಲ ಸಲ ತಪ್ಪಿತು. ನಡುವಿನ ಗುಳಿಯದನ್ನು ಎಬ್ಬಿಸಿ ಬಿಸಿ ಹಾಲಿಗೆ ಹಾಕಿದರು. ಚಮಚೆ ಹಿಡಿದ ನನ್ನ ಕೈಯನ್ನು ಅಜ್ಜಿ ಸರಿಸಿ, ತಾವೇ ಬಟ್ಟಲು ತೆಗೆದುಕೊಂಡರು. ಒಂದು ಇಡ್ಲಿ ಮುಗಿಯಿತು. ಎರಡನೆಯದರ ಅರ್ಧವೂ ಮುಗಿಯಿತು. ಉಪ್ಪು ಕಡಿಮೆ ಎಂದರು. ಅಡುಗೆಯವರು ಹೊಗೆ ತಾಕಿದವರಂತೆ ಕಣ್ಣೊರೆಸಿಕೊಂಡರು.

ಏಪ್ರಿಲ್ ಮೂರನೆಯ ವಾರ ರಸ್ತೆ ತೆರೆಯಿತು. ಮಗ ಬಂದಾಗ ಅಜ್ಜಿ ಅಂಗಳದಲ್ಲಿ ಕೂತು ಬಿಸಿಲಿಗೆ ಮೈ ಕಾಯಿಸುತ್ತಿದ್ದರು, ಇಷ್ಟು ತಡವೇಕೆ ಎಂದು ಅವನನ್ನು ಬೈದರು. ನಾವು ಮುಂಬಯಿಗೆ ಮರಳಿದೆವು. ಹೋದ ವರ್ಷ ಮಳೆಗಾಲದಲ್ಲಿ ಅಡುಗೆಯವರು ತಮ್ಮ ಊರಿನಲ್ಲಿ ತೀರಿಕೊಂಡರು. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟರಂತೆ, ಅಷ್ಟೇ. ಸುದ್ದಿ ತಿಳಿಸಿದ ಅವರ ಹೆಂಡತಿ, ಹಿಮದ ಕತೆ ಕೇಳಿ ಕೇಳಿ ನನಗೇ ಶೀತವಾಗಿತ್ತು ಎಂದು ಅಳುತ್ತಲೇ ನಕ್ಕರು.

ರೋಗಿ ಆಹಾರ ನಿರಾಕರಿಸಿದರು ಎಂದು ಚಾರ್ಟಿನಲ್ಲಿ ಬರೆದು ಮುಂದಿನ ಮಂಚಕ್ಕೆ ಹೋಗುವುದನ್ನು ನಾನು ಮೂವತ್ತನಾಲ್ಕು ವರ್ಷ ತಪ್ಪದೆ ಮಾಡಿದ್ದೆ. ಊಟ ಬೇಡ ಎಂದವರನ್ನು ಕೆಲಸಕ್ಕೆ ಕರೆಯಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಈಗ ವಾರಕ್ಕೆ ಎರಡು ದಿನ ಮಲಾಡಿನ ಒಂದು ವೃದ್ಧರ ಮನೆಗೆ ಹೋಗುತ್ತೇನೆ. ತಟ್ಟೆ ದೂಡುವವರ ಮುಂದೆ ಮೊದಲು ಬಿಡಿಸದ ಬಟಾಣಿ ಇಡುತ್ತೇನೆ, ನನಗೆ ಬರುವುದಿಲ್ಲ ಎನ್ನುತ್ತೇನೆ. ಹೆಚ್ಚಿನವರು ಬೈಯುತ್ತಾರೆ. ಬೈದವರು ಸಾಮಾನ್ಯವಾಗಿ ಉಣ್ಣುತ್ತಾರೆ.

ಜನವರಿ ಹತ್ತರ ಉಳಿದ ಕೆಲಸಗಳು ಹೀಗೆ ನಡೆದವು. ಎಂಟಕ್ಕೆ ದವಾಖಾನೆ ತೆರೆದೆ. ಹನ್ನೆರಡಕ್ಕೆ ಹಳ್ಳಿಯ ಹನ್ನೊಂದು ಮುದುಕರು ಬಂದು ಇಡ್ಲಿ ತಿಂದರು. ತಪ್ಪಿಹೋದ ಮಾಳಿಗೆಯ ಹಿಮವನ್ನು ಮೂರರಿಂದ ನಾಲ್ಕರವರೆಗೆ ಇಬ್ಬರೂ ತಳ್ಳಿ ಮುಗಿಸಿದೆವು. ನಾಲ್ಕೂವರೆಗೆ ಹೊಸ ಹಿಟ್ಟು ರುಬ್ಬಿ ಅಡುಗೆಯವರು ಕೊಟ್ಟಿಗೆಯ ಅಟ್ಟಕ್ಕೆ ಇಳಿದರು, ನಾನು ಟಾರ್ಚ್ ಹಿಡಿದು ಹಿಂದೆ ಹೋದೆ. ಹುಲ್ಲು ಸರಿಸುತ್ತಿದ್ದಂತೆ ಮೇಲೆ ಏಣಿ ಕಿರುಗುಟ್ಟಿತು. ಸೊಸೆಯ ಭುಜ ಹಿಡಿದು, ಒಂದೊಂದೇ ಮೆಟ್ಟಿಲು, ಅಜ್ಜಿ ಇಳಿದು ಬರುತ್ತಿದ್ದರು. ಜ್ವರ ಬಂದ ಮೇಲೆ ಅದೇ ಮೊದಲು. ಬಂದವರು ಅಡುಗೆಯವರನ್ನು ಮೊಣಕೈಯಿಂದ ಪಕ್ಕಕ್ಕೆ ದೂಡಿ, ಪಾತ್ರೆಯನ್ನು ತಾವೇ ಹುಲ್ಲಿನೊಳಗೆ ಕೂರಿಸಿ, ಸುತ್ತಲೂ ಒತ್ತಿ, ಮೇಲೆ ಎರಡು ಹಿಡಿ ಹುಲ್ಲು ಹಾಕಿ ಮುಚ್ಚಿದರು.