ಮಹಡಿಗೆಂದು ಬಿಟ್ಟ ಕಂಬಿ

ಕಾಪುವಿನ ಹೆದ್ದಾರಿಯಿಂದ ದೀಪಸ್ತಂಭದ ಕಡೆಗೆ ಇಳಿಯುವ ದಾರಿಯಲ್ಲಿ ನೀವು ಎಂದಾದರೂ ನಡೆದು ಬಂದರೆ, ಮನೆಗಳ ಬಣ್ಣಕ್ಕೆ ಮರುಳಾಗದೆ ಒಮ್ಮೆ ಅವುಗಳ ನೆತ್ತಿಯನ್ನು ನೋಡಿ. ಎಷ್ಟೋ ತಾರಸಿಗಳ ಮೂಲೆಗಳಲ್ಲಿ ಕಬ್ಬಿಣದ ಕಂಬಿಗಳು ಆಕಾಶದತ್ತ ಮುಖಮಾಡಿ ನಿಂತಿರುತ್ತವೆ. ಕೈಯಲ್ಲಿ ಕಾಸು ಕೂಡಿದಾಗ ಕಟ್ಟಬೇಕಾದ ಮಹಡಿಗೆಂದು ಕತ್ತರಿಸದೆ ಉಳಿಸಿಕೊಂಡ ಕಂಬಿಗಳು ಅವು. ಕಡಲ ಗಾಳಿಗೆ ಕಬ್ಬಿಣ ಬಹಳ ಕಾಲ ಬಾಳುವುದಿಲ್ಲವಾದ್ದರಿಂದ, ಮನೆಯವರು ಮಳೆಗಾಲಕ್ಕೆ ಮುಂಚೆ ಅವಕ್ಕೆ ಸಿಮೆಂಟಿನ ನೀರು ಬಳಿದು, ತಲೆಗೊಂದು ಖಾಲಿ ಬಾಟಲಿಯನ್ನು ಬೋರಲು ಹಾಕುತ್ತಾರೆ. ನನ್ನ ಗೆಳೆಯ ಅಶ್ರಫನ ಮನೆಯ ಮೇಲೂ ಅಂಥ ಕಂಬಿಗಳಿದ್ದವು. ರಜೆಗೆಂದು ಗಲ್ಫಿನಿಂದ ಬಂದಾಗಲೆಲ್ಲ ಅವನು ಮೊದಲು ತಾರಸಿ ಹತ್ತಿ ಅವುಗಳನ್ನು ಮುಟ್ಟಿ ನೋಡಿ, ಆಮೇಲೆ ಇಳಿದು ಬಂದು ಚಾ ಕುಡಿಯುತ್ತಿದ್ದ.

ನಾನು ಅಲೆವೂರಿನವನು, ಉಡುಪಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಅಶ್ರಫ್ ಓದುವ ಕಾಲದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂತವನು, ಮುಂದೆ ಗಲ್ಫಿನ ಗೋದಾಮೊಂದಕ್ಕೆ ಹೋದವನು. ಫೋನಿನಲ್ಲಿ ಮಾತಾಡಿ ಮಾತಾಡಿ ವಿಷಯಗಳೆಲ್ಲ ಮುಗಿದಾಗ ನಾವಿಬ್ಬರೂ, ತಲೆ ನರೆತ ಮೇಲೆ, ಒಂದು ಆನ್‌ಲೈನ್ ಆಟಕ್ಕೆ ಸೇರಿಕೊಂಡೆವು. ಕಡಲು, ದೋಣಿ, ದ್ವೀಪ, ದ್ವೀಪದ ಮೇಲೆ ನಾವೇ ಕಟ್ಟಿಕೊಳ್ಳುವ ಮನೆ, ಇಷ್ಟೇ ಆ ಆಟ. ಅವನ ವಾರದ ರಜೆಯ ದಿನ ನಾವು ಜೊತೆಯಲ್ಲಿ ದೋಣಿ ಬಿಡುತ್ತಿದ್ದೆವು. ನನ್ನ ವಿದ್ಯಾರ್ಥಿಗಳಿಗೆ ಇದು ತಿಳಿದಿದ್ದರೆ ತರಗತಿಯಲ್ಲಿ ನನ್ನ ಮರ್ಯಾದೆ ಉಳಿಯುತ್ತಿರಲಿಲ್ಲ.

ಆಟದ ಹೆಬ್ಬಾಗಿಲು ಪುಕ್ಕಟೆ, ಬೆಲೆಯಿದ್ದದ್ದು ಒಳಗೆ. ಅದರಲ್ಲಿ ಎರಡು ಬಗೆ. ಎಕ್ಸ್‌ಪಾನ್ಶನ್ ಎಂಬುದು ಒಂದು. ಅಪರೂಪಕ್ಕೆ ಬರುವ ಅದಕ್ಕೆ ಒಮ್ಮೆ ದುಡ್ಡು ತೆತ್ತರೆ ಹೊಸದೊಂದು ದ್ವೀಪವೇ ತೆರೆದುಕೊಳ್ಳುತ್ತದೆ, ಅದರ ಕಾಡು, ಬಂದರು, ಕಥೆ, ಮನೆಗೊಂದು ಜಾಗ, ಎಲ್ಲವೂ ಅದೇ ಬೆಲೆಯೊಳಗೆ. ಇನ್ನೊಂದನ್ನು ಡಿಎಲ್‌ಸಿ ಎನ್ನುತ್ತಾರೆ. ಅದು ಚಿಲ್ಲರೆ ಅಂಗಡಿ: ದೋಣಿಗೊಂದು ಬಣ್ಣದ ಹಾಯಿ, ಬಾಗಿಲಿಗೊಂದು ಲಾಟೀನು, ತಲೆಗೊಂದು ಟೊಪ್ಪಿ, ಒಂದೊಂದನ್ನೂ ಬಿಡಿಬಿಡಿಯಾಗಿ ಇಳಿಸಿಕೊಳ್ಳಬೇಕು. ಅದಕ್ಕೆ ನೇರವಾಗಿ ರೂಪಾಯಿ ನಡೆಯದು. ಮೊದಲು ರೂಪಾಯಿ ಕೊಟ್ಟು ಹರಳು ಕೊಳ್ಳಬೇಕು. ಹರಳಿನ ಕಟ್ಟುಗಳನ್ನು ಎಷ್ಟು ಜಾಣತನದಿಂದ ಮಾಡಿದ್ದಾರೆಂದರೆ ನಿಮಗೆ ಬೇಕಾದ ವಸ್ತುವಿನ ಬೆಲೆಗೆ ಯಾವ ಕಟ್ಟೂ ಸರಿಹೊಂದುವುದಿಲ್ಲ, ಸದಾ ಚೂರುಪಾರು ಮಿಗುತ್ತದೆ, ಮಿಕ್ಕದ್ದನ್ನು ಖರ್ಚು ಮಾಡಲು ಇನ್ನೊಂದು ಕಟ್ಟು ಬೇಕಾಗುತ್ತದೆ. ನಾನು ತರಗತಿಯಲ್ಲಿ ಇದನ್ನು ಬೆಲೆ ನಿಗದಿಯ ತಂತ್ರವೆಂದು ಗಂಭೀರ ಮುಖಮಾಡಿ ಬರೆಸುತ್ತೇನೆ. ಬೀದಿಯಲ್ಲಾದರೆ ಜನ ಇದಕ್ಕೆ ಬೇರೆ ಹೆಸರು ಇಡುತ್ತಿದ್ದರು.

ಅಶ್ರಫ್ ಚಿಲ್ಲರೆಯನ್ನು ಮುಟ್ಟುತ್ತಿರಲಿಲ್ಲ. "ದ್ವೀಪ ಕೊಟ್ಟರೆ ದುಡ್ಡು ಕೊಡುವ, ಮಾರಾಯ. ಅದು ಮೇಲೆ ಒಂದು ಮಾಳಿಗೆ ಎತ್ತಿದ ಹಾಗೆ. ಈ ಲಾಟೀನು, ಪರದೆ ಎಲ್ಲ ಹೆಂಗಸರ ಖಾತೆ, ಅಲ್ವಾ?" ಎನ್ನುತ್ತಿದ್ದ. ಅವರ ಮನೆಯ ಪದ್ಧತಿಯೇ ಅದು. ಗೋಡೆ, ಸೂರು, ಬಾಗಿಲು ಗಂಡನ ದುಡಿಮೆಯಲ್ಲಿ ಏಳಬೇಕು. ಪರದೆ, ದೀಪ, ಪಾತ್ರೆಯನ್ನು ಹೆಂಡತಿ ತನ್ನ ಕೈಯಾರೆ ಆರಿಸಿ ತರಬೇಕು. ಅವನ ಹೆಂಡತಿ ನಫೀಸಾ ಮನೆಯಲ್ಲೇ ಬಟ್ಟೆ ಹೊಲಿದು ಗಳಿಸಿದ ದುಡ್ಡನ್ನು ಇದಕ್ಕೆಂದೇ ಬೇರೆಯಾಗಿ ತೆಗೆದಿಡುತ್ತಿದ್ದಳು.

ಆಟದಲ್ಲಿ ಹೊಸದಾಗಿ ಬಂದ ಎರಡನೆಯ ದ್ವೀಪವನ್ನು ದುಡ್ಡು ಕೊಟ್ಟು ಕೊಂಡು ಅಶ್ರಫ್ ಅಲ್ಲಿ ಮನೆ ಕಟ್ಟಿದ. ಅದು ಬೇರೆ ಯಾವ ಮನೆಯೂ ಅಲ್ಲ, ಕಾಪುವಿನ ತನ್ನ ಮನೆಯೇ, ಮಹಡಿಯ ಸಮೇತ. ಕಾರ್ಕಳದ ಕಪ್ಪು ಕಲ್ಲಿನದೆಂದು ಅವನೇ ಹೆಸರಿಟ್ಟುಕೊಂಡ ಮೆಟ್ಟಿಲು, ಮಗಳಿಗೊಂದು ಓದುವ ಕೋಣೆ, ದೀಪಸ್ತಂಭ ಕಾಣುವಂತೆ ಪಡುವಣಕ್ಕೊಂದು ಅಗಲವಾದ ಕಿಟಕಿ. ವಿಡಿಯೋ ಕರೆಯಲ್ಲಿ ಹೆಂಡತಿಗೆ ಅದನ್ನು ತೋರಿಸಿ ಒಂದೊಂದೇ ಬದಲಾವಣೆ ಮಾಡುತ್ತಿದ್ದ. ಅವಳು ಕಿಟಕಿ ಸ್ವಲ್ಪ ಸರಿಯಲಿ ಎಂದರೆ ಅದು ಸರಿಯುತ್ತಿತ್ತು. ಆ ಮಹಡಿಯ ನಕ್ಷೆಯನ್ನು ಅವನು ಯಾವ ಕಾಗದದ ಮೇಲೂ ಬರೆಯಲಿಲ್ಲ. ಕಣ್ಣಿಗೆ ಕಾಣುವಂತೆ ಕಟ್ಟಿಯೇ ಇಟ್ಟಿರುವಾಗ ನಕ್ಷೆ ಎಂತಕ್ಕೆ ಎಂದು ಅವನಿಗೆ ಅನ್ನಿಸಿರಬೇಕು.

ಹೋದ ವರ್ಷ ಅಶ್ರಫ್ ಅಲ್ಲಿಯ ತನ್ನ ಕೋಣೆಯಲ್ಲಿ ಎದೆನೋವಿನಿಂದ ತೀರಿಕೊಂಡ. ಅವನನ್ನು ಅಲ್ಲಿಯೇ ಮಣ್ಣು ಮಾಡಿದರು. ಊರಿಗೆ ಬಂದದ್ದು ಒಂದು ಪೆಟ್ಟಿಗೆ, ಅದರೊಳಗೆ ಬಟ್ಟೆ, ಒಂದು ಜೊತೆ ಹೊಸ ಚಪ್ಪಲಿ, ಅವನು ಆಡುತ್ತಿದ್ದ ಟ್ಯಾಬ್. ನನ್ನ ಕಡೆಯ ಆಟವನ್ನು ನಾನು ಮತ್ತೆ ತೆರೆಯಲಿಲ್ಲ. ಅವನಿಲ್ಲದ ಆ ಕಡಲಿಗೆ ಇಳಿಯಲು ನನಗೆ ಮನಸ್ಸಾಗಲಿಲ್ಲ, ಈಗಲೂ ಆಗುವುದಿಲ್ಲ.

ಕೆಲವು ತಿಂಗಳ ನಂತರ ನಫೀಸಾ ಫೋನ್ ಮಾಡಿದಳು. "ಅಣ್ಣ, ಪರದೆ ತೆಗೊಂಡೆ, ದೀಪವೂ ತೆಗೊಂಡೆ. ಆದರೆ ಮನೆಯೇ ಕಾಣುವುದಿಲ್ಲ. ಎಂತ ಮಾಡಬೇಕು?" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಆಗ ಕೂತಿದ್ದ ಮಣಿಪಾಲದ ಬಸ್ಸಿನಿಂದ ಇಳಿದು ಕಾಪುವಿನ ಬಸ್ಸು ಹತ್ತಿದೆ.

ಆದದ್ದು ಇಷ್ಟು. ಟ್ಯಾಬಿಗೆ ಕಂಪನಿಯ ಸೂಚನೆಯೊಂದು ಬಂದಿತ್ತು: ಹಳೆಯ ದ್ವೀಪಗಳನ್ನೆಲ್ಲ ಹೊಸ ಎಕ್ಸ್‌ಪಾನ್ಶನ್ನಿನೊಳಗೆ ಒಟ್ಟುಗೂಡಿಸಿದ್ದೇವೆ, ನಿಗದಿತ ದಿನದೊಳಗೆ ಅದನ್ನು ಕೊಂಡವರ ಮನೆಗಳು ಉಳಿಯುತ್ತವೆ, ಉಳಿದವು ತೆರವಾಗುತ್ತವೆ ಎಂದು. ಮನೆ ಉಳಿಸಿಕೊಳ್ಳಲು ಏನನ್ನೋ ಕೊಳ್ಳಬೇಕು ಎಂಬಷ್ಟನ್ನು ಮಗಳು ಓದಿ ಹೇಳಿದ್ದಳು. ಅಂಗಡಿಯ ಪುಟ ತೆರೆದರೆ ಅಲ್ಲಿ ಎರಡು ಕಟ್ಟುಗಳು. ಒಂದರ ಮೇಲೆ ಯಾವುದೋ ಕಾಣದ ದೇಶದ ಚಿತ್ರ. ಇನ್ನೊಂದರ ಮೇಲೆ ಅಶ್ರಫನ ದ್ವೀಪದ್ದೇ ಚಿತ್ರ, ಅದೇ ಬಂದರು, ಅದೇ ದಿಬ್ಬ, ಒಳಗೆ ಪರದೆ ಮತ್ತು ದೀಪ. ಗಂಡ ಗೋಡೆಗೆ ಕೊಡಬೇಕಾದದ್ದನ್ನು ಎಂದೋ ಕೊಟ್ಟು ಮುಗಿಸಿದ್ದಾನೆ, ಇನ್ನು ಉಳಿದಿರುವುದು ತನ್ನ ಪಾಲಿನದು ಎಂದುಕೊಂಡು ನಫೀಸಾ ಹೊಲಿಗೆಯ ದುಡ್ಡಿನಲ್ಲಿ ಹರಳು ಕೊಂಡು ಆ ಡಿಎಲ್‌ಸಿಯನ್ನು ತೆಗೆದುಕೊಂಡಳು. ಮಹಡಿಯ ಅಳತೆಯನ್ನು ಆ ಮನೆಯೊಳಗಿಂದಲೇ ಬರೆದುಕೊಂಡು ಮೇಸ್ತ್ರಿಗೆ ಕೊಡಬೇಕೆಂಬುದು ಅವಳ ಯೋಚನೆಯಾಗಿತ್ತು.

ನಾನು ಟ್ಯಾಬ್ ಕೈಗೆತ್ತಿಕೊಂಡಾಗ ಗಡುವು ಮುಗಿದಿತ್ತು. ಆಟದೊಳಗಿನ ಅಶ್ರಫನ ಗೊಂಬೆ ಮೊದಲ ಬಂದರಿನಲ್ಲಿ, ಎಲ್ಲ ಹೊಸಬರೂ ಬಂದಿಳಿಯುವ ಕಟ್ಟೆಯ ಮೇಲೆ ನಿಂತಿತ್ತು. ಚೀಲ ತೆರೆದರೆ ಹಸಿರು ಪರದೆಗಳು ಮಡಿಸಿಟ್ಟಂತೆ ಕೂತಿದ್ದವು, ಪಕ್ಕದಲ್ಲಿ ದೀಪ. ಅವನ್ನು ತೂಗುಹಾಕಲು ಕಿಟಕಿಯಿರಲಿಲ್ಲ. ನಾನು ಆ ಕ್ಷಣವೇ ಕಾಣದ ದೇಶದ ಚಿತ್ರವಿದ್ದ ಕಟ್ಟನ್ನು, ಅಂದರೆ ಎಕ್ಸ್‌ಪಾನ್ಶನ್ನನ್ನು, ಕೊಂಡೆ; ದ್ವೀಪ ತೆರೆಯಿತು, ದಿಬ್ಬ ಹತ್ತಿದೆವು, ಮನೆಯ ಜಾಗದಲ್ಲಿ ಹುಲ್ಲಿತ್ತು, ಮಾರಾಟಕ್ಕಿದೆ ಎಂಬ ಹಲಗೆ ನೆಟ್ಟಿದ್ದರು. ಕಂಪನಿಗೆ ಬರೆದೆ. ತಾವು ಕೊಂಡ ಅಲಂಕಾರ ಸಾಮಗ್ರಿಗಳು ತಮ್ಮ ಚೀಲದಲ್ಲಿ ಸುರಕ್ಷಿತವಾಗಿವೆ, ತೆರವಾದ ಮನೆಗಳನ್ನು ಮರಳಿಸಲಾಗುವುದಿಲ್ಲ ಎಂದು ವಿನಯದಿಂದ ಉತ್ತರ ಬಂತು. ಬೈಗುಳವಾದರೂ ಬಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನನಗೆ ಅನ್ನಿಸುವುದಿಷ್ಟು. ಚಿಲ್ಲರೆ ಮಾರುವವನ ಮೇಲೆ ನಮಗೆ ಬೇಗ ಸಂಶಯ ಬರುತ್ತದೆ, ದ್ವೀಪ ಮಾರುವವನನ್ನು ಸುಲಭವಾಗಿ ನಂಬುತ್ತೇವೆ, ಯಾಕೆಂದರೆ ಪೂರ್ತಿ ಬೆಲೆ ತೆತ್ತ ವಸ್ತು ನಮ್ಮದೇ ಎಂದು ನಾವು ತಿಳಿದಿದ್ದೇವೆ. ಅಶ್ರಫ್ ತೆತ್ತದ್ದು ದ್ವೀಪಕ್ಕಲ್ಲ, ಅವರು ಬಾಗಿಲು ತೆರೆದಿಡುವಷ್ಟು ದಿನ ಅಲ್ಲಿ ಓಡಾಡಿಕೊಂಡಿರುವ ಅಪ್ಪಣೆಗೆ ಮಾತ್ರ. ಯೋಚಿಸಿದರೆ, ಗಲ್ಫಿನಲ್ಲಿ ಅವನ ಸ್ವಂತ ವಾಸವೂ ಕೆಲಸವಿರುವಷ್ಟು ದಿನ ಮಾತ್ರ ಎಂಬ ಇಂಥದೇ ಕರಾರಿನ ಮೇಲೆ ನಡೆದಿತ್ತು. ಅವನು ಕಣ್ಣು ಮುಚ್ಚಿದ ಮೇಲೆ ಗಲ್ಫಿನ ಕೋಣೆಯನ್ನೂ ದ್ವೀಪದ ಮನೆಯನ್ನೂ, ಎರಡನ್ನೂ ತೆರವು ಮಾಡಿಸಿದರು.

ಮೊನ್ನೆ ಕಾಪುವಿಗೆ ಹೋದಾಗ ತಾರಸಿಯ ಮೇಲೆ ಕಬ್ಬಿಣ ಕೊಯ್ಯುವ ಸದ್ದು ಕೇಳುತ್ತಿತ್ತು. ಈ ಬಾರಿ ಕಂಬಿಗಳಿಗೆ ಸಿಮೆಂಟಿನ ನೀರು ಬಳಿಯುವವರಿಲ್ಲದೆ ತುಕ್ಕು ಕಂಬದೊಳಕ್ಕೆ ಇಳಿದು, ಮಗಳು ಮಲಗುವ ಕೋಣೆ ಸೋರತೊಡಗಿತ್ತಂತೆ. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುವ ಬಸಪ್ಪ ಯಂತ್ರ ನಿಲ್ಲಿಸಿ, "ಅಕ್ಕಾರ, ಇವನ್ನ ಕೊಯ್ದ್ರ ಮುಂದ ಮ್ಯಾಲ ಕಟ್ಟಾಕ ಆಗಂಗಿಲ್ರಿ. ಇನ್ನೊಮ್ಮಿ ವಿಚಾರ ಮಾಡ್ರಿ" ಎಂದ.

"ಮಾಡಿ ಆಯಿತು. ಕೊಯ್ಯಿರಿ," ಎಂದಳು ನಫೀಸಾ. ಆಮೇಲೆ ತಾರಸಿಯ ಎರಡು ಮೂಲೆಗಳತ್ತ ಕೈ ತೋರಿಸಿ, "ಆ ಮೂಲೆಯದ್ದು ಒಂದು, ಈ ಮೂಲೆಯದ್ದು ಒಂದು ಬಿಡಿ. ಬಟ್ಟೆ ಒಣಗಿಸಲಿಕ್ಕೆ ಹಗ್ಗ ಕಟ್ಟಬೇಕು" ಎಂದಳು.

ನಾನು ಇಳಿಯುವ ಹೊತ್ತಿಗೆ ಆ ಎರಡು ಕಂಬಿಗಳ ನಡುವೆ ಹಗ್ಗ ಬಿಗಿದಾಗಿತ್ತು. ಅದರ ಮೇಲೆ ಮಗಳ ಶಾಲೆಯ ಸಮವಸ್ತ್ರ ಪಡುಗಾಳಿಗೆ ಆಡುತ್ತಿತ್ತು, ಅದರಾಚೆ ದೀಪಸ್ತಂಭ ಕಾಣುತ್ತಿತ್ತು. ಅಶ್ರಫ್ ಕಿಟಕಿ ಇಟ್ಟದ್ದು ಸರಿಯಾಗಿ ಅಲ್ಲಿಯೇ.