ತುರಚಿ ಪಲ್ಯ ಮತ್ತು ಕುಬಸದ ರೊಟ್ಟಿ

ಹೋದ ವರ್ಷ ದಸರಾ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಬೆಟಗೇರಿಯಲ್ಲಿ ನಮ್ಮ ಓಣಿಯ ಆ ತುದಿಗಿರುವ ಗಿರಿಜಕ್ಕ ತಮ್ಮ ಬಸುರಿ ಸೊಸೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ರೊಟ್ಟಿ ಹೇಳಲು ಬಂದರು. ನಾನು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಗಿರಿಜಕ್ಕ ದಿನದ ಊಟಕ್ಕೆ ನನ್ನಲ್ಲೇ ಒಯ್ಯುವವರು, ಆದರೆ ಕಾರ್ಯಕ್ಕೆಂದು ಹೇಳಿದ್ದು ಅದೇ ಮೊದಲು. ಖಡಕ್ ರೊಟ್ಟಿಯಾಗಿದ್ದರೆ ವಾರ ಮೊದಲೇ ಬಡಿದು ಜೋಡಿಸಿಡುತ್ತಿದ್ದೆ. ಅವರಿಗೆ ಬೇಕಾಗಿದ್ದು ಮೆತ್ತನೆಯ ರೊಟ್ಟಿ, ಅದೂ ಅವತ್ತೇ ಮುಂಜಾನೆ ಬಡಿದದ್ದು.

"ಬೀಗರು ಎಲ್ಲಾದಕ್ಕೂ ಹೆಸರಿಟ್ಟು ತಪ್ಪು ಹುಡುಕೂ ಮಂದಿ ನೀಲಕ್ಕ. ನನ್ನ ಮಾನ ನಿಮ್ಮ ಕೈಯಾಗೈತಿ ನೋಡ್ರಿ" ಎಂದು ಹೇಳಿ ಹೋದರು. ಈ ಕಾರ್ಯ ಸರಿಹೋದರೆ ಅವರ ಬಳಗದ ಮನೆಗಳೆಲ್ಲ ನನ್ನ ಕಡೆಗೇ ಬರುತ್ತವೆ, ಕೆಟ್ಟರೆ ಇರುವ ಗಿರಾಕಿಯೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಇನ್ನು ನಮ್ಮ ಮನೆಯವರ ಸುದ್ದಿ. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಜೀವನವೆಲ್ಲ ಊರೂರು ತಿರುಗಿದವರಿಗೆ ಮನೆಯಲ್ಲಿ ಕೂತು ಬೇಸರವಾಗಿ, ಮೊಬೈಲಿನಲ್ಲಿ ಅಡುಗೆಯ ವಿಡಿಯೊ ನೋಡುವುದನ್ನು ಹಚ್ಚಿಕೊಂಡರು. ನೋಡಿ ಸುಮ್ಮನಿದ್ದರೆ ನನ್ನದೇನೂ ತಕರಾರಿರಲಿಲ್ಲ. ಪಾಪಸ್‌ಕಳ್ಳಿ ಹಣ್ಣಿನ ಶರಬತ್ತು ಮಾಡುತ್ತೇನೆಂದು ಅಡುಗೆಮನೆಯ ಗೋಡೆಯನ್ನೆಲ್ಲ ಕೆಂಪು ಮಾಡಿದರು. ಅದರ ಕಲೆ ತಿಕ್ಕಿ ತೆಗೆದವಳು ನಾನು. ಆಮೇಲೆ ತುರಚಿಯ ಹುಚ್ಚು ಹಿಡಿಯಿತು.

ತುರಚಿ ಅಂದರೆ ಹೊಲದ ಬೇಲಿಗೆ ಹಬ್ಬುವ ಬಳ್ಳಿ. ಎಲೆ ಮೈಗೆ ತಾಗಿದರೆ ಉರಿದು, ತುರಿಸಿ, ದದ್ದು ಏಳುತ್ತದೆ. ಸಣ್ಣವರಿದ್ದಾಗ ಜಗಳವಾದರೆ ಒಬ್ಬರ ಕಾಲಿಗೊಬ್ಬರು ತಿಕ್ಕುತ್ತಿದ್ದ ಎಲೆ ಅದು. ಇವರು ಅದರ ಪಲ್ಯ ಮಾಡುತ್ತಾರಂತೆ.

"ಪರದೇಶದಾಗ ಅದರ ಸಾರು ಮಾಡಿ ಕುಡೀತಾರ, ಗೊತ್ತೇನ ನಿನಗ? ಕುದಿಸಿದ್ರ ಉರಿಯೆಲ್ಲಾ ಹೋಗತೈತಿ" ಅಂದರು.

"ಪರದೇಶದವರು ಕುಡೀಲಿ ಬಿಡ್ರಿ. ನಮಗ ಮೆಂತೆ ಐತಿ, ರಾಜಗಿರಿ ಐತಿ, ಪುಂಡಿ ಐತಿ. ಅವು ಸಾಲಂಗಿಲ್ಲೇನು?" ಅಂದೆ.

ಕೇಳುತ್ತಾರೆಯೇ? ಕುಬಸದ ಹಿಂದಿನ ದಿನವೇ ಬೆಳ್ಳಟ್ಟಿಗೆ, ತಂಗಿಯ ಮನೆಗೆ ಹೊರಟು ನಿಂತರು. ಅವರ ಹೊಲದ ಬೇಲಿಯಲ್ಲಿ ತುರಚಿ ಭರ್ತಿ ಹಬ್ಬಿದೆಯಂತೆ. ನಾಳೆ ಮನೆಯಲ್ಲಿ ಕೆಲಸವಿದೆ, ನೀವು ಬೇಕಾಗುತ್ತೀರಿ ಎಂದು ಬಡಿದುಕೊಂಡೆ. "ಮುಂಜಾನಿ ಮೊದಲ್ನೇ ಬಸ್ಸಿಗೆ ಬಂದಬಿಡ್ತೀನಿ" ಎಂದರು. ಸುಳ್ಳು ಹೇಳಬಾರದು, ಹೇಳಿದ ಹಾಗೆ ಬಂದರು. ಕೈಯಲ್ಲಿದ್ದ ಚೀಲವನ್ನು ಅಡುಗೆಮನೆಯಲ್ಲಿಟ್ಟು ಮುಖ ತೊಳೆಯಲು ಹಿತ್ತಲಿಗೆ ಹೋದರು.

ನಾನು ಹಿಟ್ಟು ಸೋಸಿ, ಒಲೆಯ ಮೇಲೆ ಎಸರಿಟ್ಟು, ಅದು ಕುದಿಯುವಷ್ಟರಲ್ಲಿ ಎರಡು ತುತ್ತು ತಿಂದುಬಿಡೋಣವೆಂದು ತಾಟು ಹಾಕಿಕೊಂಡಿದ್ದೆ. ಒಮ್ಮೆ ಹಂಚಿನ ಮುಂದೆ ಕೂತರೆ ಮುಗಿಯುವ ತನಕ ಏಳುವ ಹಾಗಿಲ್ಲ. ನಮ್ಮ ಕಡೆ ರೊಟ್ಟಿಗೆ ಹಸಿ ತಪ್ಪಲ ಬೇಕೇ ಬೇಕು. ಮೆಂತೆಯಾಗಲಿ, ಉಳ್ಳಾಗಡ್ಡಿ ತಪ್ಪಲವಾಗಲಿ, ತೊಳೆದು ಹಾಗೇ ಕಚ್ಚಿ ತಿನ್ನುತ್ತೇವೆ. ನೋಡಿದರೆ ಚೀಲದ ಮೇಲೆ ಹಸಿರು ಮೆಂತೆ ಇಣುಕುತ್ತಿದೆ. ನಾದಿನಿ ಕಳಿಸಿದ್ದಾಳೆ ಎಂದು ಖುಷಿಯಾಯಿತು. ಮೇಲಿನದು ಬಾಡಿತ್ತು. ಒಳಗೆ ಎಳೆಯದು ಇರುತ್ತದೆ ಎಂದು ಎರಡೂ ಕೈ ಬುಡದವರೆಗೆ ಹಾಕಿ ಒಂದು ಹಿಡಿ ಎಳೆದೆ.

ನಾನು ಚೀರಿದ್ದು ಓಣಿಗೆಲ್ಲ ಕೇಳಿಸಿತಂತೆ. ಇವರು ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಓಡಿ ಬಂದರು.

"ಅಯ್ಯ, ಕೈ ಹಾಕಿದೇನ? ಹೇಳಬೇಕಂತನ ಇದ್ದೆ."

"ಯಾವಾಗ ಹೇಳಾವ್ರಿದ್ರಿ?"

"ಮಾರಿ ತೊಕ್ಕೊಂಡು ಬಂದು."

ಅವರ ಕೈಗೆ ಮಾತ್ರ ಏನೂ ಆಗಿರಲಿಲ್ಲ. ಕೈಗೆ ಕಾಲುಚೀಲ ಹಾಕಿಕೊಂಡು ಕಿತ್ತಿದ್ದರು. ಆ ಕಾಲುಚೀಲವೂ ಅದೇ ಚೀಲದಲ್ಲಿ, ಮೆಂತೆಯ ಜೊತೆಗೇ ಇತ್ತು!

ಪಕ್ಕದ ಮನೆಯ ಹುಸೇನಬಿ ಚೀರಿದ್ದು ಕೇಳಿ ಬಂದಳು. ಬಳೆ ವ್ಯಾಪಾರದವಳು, ಕೈ ನೋಡಿದ ಕೂಡಲೇ ಅವಳಿಗೆ ತಿಳಿಯಿತು. "ತಲಿಗೂದಲಕ್ಕ ತಿಕ್ಕೋರಿ ಅಕ್ಕಾರ, ಜಲ್ದಿ!" ಅಂದಳು. ತಿಕ್ಕಿದೆ. ತಣ್ಣೀರಿನಲ್ಲಿ ಅದ್ದಿದೆ. ಮೊಸರು ಹಚ್ಚಿದೆ. ಉರಿ ಒಂದಿಷ್ಟು ಇಳಿಯಿತು, ತುರಿಕೆ ಇಳಿಯಲಿಲ್ಲ. ಬೆರಳು ಬಾತು ಮಡಚಲು ಬರಲೊಲ್ಲವು. ಆದರೂ ಹಟದಿಂದ ಹಿಟ್ಟಿಗೆ ಎಸರು ಹಾಕಿ ಕೈಯಿಟ್ಟೆ. ಬಿಸಿ ತಾಗಿದ್ದೇ ಜೀವ ಬಾಯಿಗೆ ಬಂತು. ಅಳುತ್ತಾ ಎದ್ದುಬಿಟ್ಟೆ.

"ಗಿರಿಜಕ್ಕಗ ಫೋನ್ ಮಾಡಿ ಹೇಳಿಬಿಡೂಣು" ಅಂದರು ಇವರು.

"ಏನಂತ ಹೇಳ್ತೀರಿ? ನಾ ತುರಚಿ ಹರಕೊಂಡು ಬಂದೀನಿ, ನಿಮ್ಮ ಬೀಗರಿಗೆ ರೊಟ್ಟಿ ಇಲ್ಲ ಅಂತೀರೇನು?"

ಅಷ್ಟರಲ್ಲಿ ಹುಸೇನಬಿ ಸೆರಗು ಸಿಗಿಸಿಕೊಂಡು ಹಿಟ್ಟಿನ ಮುಂದೆ ಕೂತೇಬಿಟ್ಟಿದ್ದಳು. "ನಾ ಬಡೀತೀನಿ. ನಮ್ಮ ರೊಟ್ಟಿ ಒಂದೀಟು ದಪ್ಪ. ನೀವು ಹೇಳಕೋತ ಕುಂಡ್ರಿ ಅಕ್ಕಾರ."

ಅವತ್ತು ನಾನು ಪಟ್ಟ ಸಂಕಟ ಯಾರಿಗೂ ಬೇಡ. ಎರಡೂ ಕೈಗೆ ಮೊಸರು ಮೆತ್ತಿಕೊಂಡು, ತುರಿಸಿಕೊಳ್ಳಲೂ ಆಗದೆ ಗೋಡೆಗೆ ಒರಗಿ ಕೂತಿದ್ದೆ. ಇವರು ಹಿಟ್ಟು ನಾದುತ್ತಿದ್ದರು, ಹುಸೇನಬಿ ಬಡಿಯುತ್ತಿದ್ದಳು. ಮೊದಲನೆಯದು ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. ಅಂಚು ತೆಳ್ಳಗಾಗಲಿ, ನೀರು ಸವರು, ಈಗ ತಿರುವು ಎಂದು ಕೂಗಿ ಕೂಗಿ ನನ್ನ ಗಂಟಲು ಒಣಗಿತು. ನಡುವೆ ಇವರು ಬೇರೆ: "ಹಂಗಲ್ಲವಾ, ನಡಕ ಹಗೂರ ಬಡೀಬೇಕು" ಎಂದು ಹುಸೇನಬಿಗೆ ಪಾಠ ಹೇಳುತ್ತಾರೆ. ಹುಟ್ಟಿದಾಗಿನಿಂದ ಒಂದು ರೊಟ್ಟಿ ಬಡಿದವರಲ್ಲ!

"ರೀ, ನೀವು ಬಾಯಿ ಮುಚ್ಚಿ ಹಿಟ್ಟು ನಾದ್ರಿ" ಅಂದೆ.

ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ನೋಡಿದರೆ ಈ ಪುಣ್ಯಾತ್ಮರು ಪಕ್ಕದ ಒಲೆಯ ಮೇಲೆ ತುರಚಿ ಪಲ್ಯಕ್ಕೆ ಹಚ್ಚಿದ್ದಾರೆ. ಇಕ್ಕಳದಿಂದ ಎಲೆ ಹಿಡಿದು ಕುದಿಯುವ ನೀರಿಗೆ ಹಾಕಿ, ಬಸಿದು, ಬೆಂದ ತೊಗರಿಬೇಳೆ, ಗುರೆಳ್ಳು ಪುಡಿ ಎಲ್ಲ ಹಾಕಿ ಕೈಯಾಡಿಸುತ್ತಿದ್ದಾರೆ. ನನಗೆ ತಲೆ ಕೆಟ್ಟುಹೋಯಿತು.

"ಈಗ ಮಾಡೂದೇನು ಅದನ್ನ?"

"ಈ ಕಡಿ ಒಲಿ ಖಾಲಿನ ಇತ್ತಲ್ಲ" ಎಂದರು ಶಾಂತವಾಗಿ.

ಅಂತೂ ಇಂತೂ ರೊಟ್ಟಿ ಮುಗಿದವು. ನನ್ನ ಕಣ್ಣಿಗೆ ಒಂದೂ ಸರಿ ಕಾಣಲಿಲ್ಲ. ಕೆಲವು ದಪ್ಪ, ಕೆಲವು ಸೊಟ್ಟ. ಬುಟ್ಟಿಗೆ ಬಟ್ಟೆ ಮುಚ್ಚಿ ಇವರು ಸ್ಕೂಟರಿನಲ್ಲಿ ಒಯ್ದು ಕೊಟ್ಟು ಬಂದರು. ಯಾವಾಗಲೂ ಇದ್ದ ಹಾಗೇ ಇವೆ ಅಂತ ಅಂದುಕೊಂಡುಬಿಡಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಾ ಕೂತೆ.

ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಗಿರಿಜಕ್ಕನ ಫೋನ್ ಬಂತು.

"ಎಲ್ಲಾ ಛಲೋ ಆತು ನೀಲಕ್ಕ. ಅಲ್ಲಾ, ನಿಮ್ಮ ಮನಿಯವರು ಡಬ್ಬ್ಯಾಗ ಪಲ್ಯ ಕೊಟ್ಟು ಹೋಗಿದ್ರಲ್ಲ, ಅದು ಯಾವ ತಪ್ಪಲಾ? ಬೀಗರು ಬೆರಳು ಚೀಪಿಕೊಂಡು ತಿಂದ್ರು."

ನನಗೆ ಒಂದು ಮಾತು ಹೇಳದೆ, ಬಸುರಿ ಹೆಣ್ಣುಮಗಳ ಮನೆಗೆ ತುರಚಿ ಕೊಟ್ಟು ಬಂದಿದ್ದಾರೆ!

"ನಿಮ್ಮ ಸೊಸಿಗೆ ಹಾಕಿಲ್ಲ ಹೌದಿಲ್ರಿ?"

"ಆಕಿ ತನಕ ಎಲ್ಲಿ ಉಳೀತ್ರಿ? ಗಂಡಸರ ಪಂಗತಿಗೇ ಖಾಲಿ ಆತು."

ಹೋದ ಜೀವ ಬಂದ ಹಾಗಾಯಿತು. ಆಮೇಲೆ ಧೈರ್ಯ ಮಾಡಿ ಕೇಳಿದೆ. "ರೊಟ್ಟಿ ಹೆಂಗಿದ್ದುವ್ರಿ?"

"ರೊಟ್ಟಿಯೇನ್ರಿ, ಯಾವಾಗ್ಲೂ ಇದ್ದಂಗ ಇದ್ದುವು. ಆ ಪಲ್ಯ ಹೆಂಗ ಮಾಡೂದು ಅನ್ನೂದು ಹೇಳ್ರಿ ಮೊದಲ."

ಬೇಡಿಕೊಂಡ ಮಾತೇ ಸಿಕ್ಕಿತ್ತು. ಸಂತೋಷವಾಗಬೇಕಿತ್ತು. ಆದರೆ ಫೋನ್ ಇಟ್ಟ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೈ ತುರಿಕೆಯೂ ಮರೆತುಹೋಯಿತು. ಹುಸೇನಬಿಗೆ ಹೇಳಿದರೆ ಅವಳು ನಕ್ಕುಬಿಟ್ಟಳು. "ಮಾನ ಉಳೀತು. ಮತ್ತೇನು ಬೇಕಾಗಿತ್ತರಿ ಅಕ್ಕಾರ ನಿಮಗ?" ಅಂದಳು. ರಾತ್ರಿ ನಮ್ಮ ಮನೆಯಲ್ಲಿ ಉಳಿದಿದ್ದ ಪಲ್ಯವನ್ನು ನಾನೂ ತಿಂದೆ. ರುಚಿಯಾಗಿತ್ತು, ಸುಡುಗಾಡು. ಅದನ್ನು ಇವರ ಮುಂದೆ ಇವತ್ತಿನವರೆಗೂ ಹೇಳಿಲ್ಲ.

ಮರುದಿನ ಬಾವು ಇಳಿದಿತ್ತು. ಮನೆಯ ಮಟ್ಟಿಗೆ ರೊಟ್ಟಿ ಬಡಿದೆ. ಹಿಂದಿನ ದಿನದ ಒಂದು ಉಳಿದಿತ್ತು. ಅದನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ಇವರನ್ನು ಕರೆದೆ. ನನ್ನದು ನಡುವಿನಿಂದ ಅಂಚಿನವರೆಗೆ ಒಂದೇ ತೆಳುವು.

"ನೋಡ್ರಿ, ಏನರ ಫರಕ ಕಾಣಸ್ತೈತೇನು?"

ಚಷ್ಮಾ ಹಾಕಿಕೊಂಡು, ಎರಡನ್ನೂ ತಿರುವಿ ಮುರುವಿ ನೋಡಿದರು. "ಎರಡೂ ರೊಟ್ಟಿನ ಅಲ್ಲೇನ?" ಎಂದು ನನ್ನದನ್ನು ಮುರಿದು ಬಾಯಿಗಿಟ್ಟುಕೊಂಡರು.

ನನಗೆ ಕಾಣುತ್ತದಲ್ಲ, ಅಷ್ಟು ಸಾಕು ಎಂದು ಮನಸ್ಸಿಗೆ ಹೇಳುತ್ತಲೇ ಇದ್ದೇನೆ. ವರ್ಷವಾಗುತ್ತ ಬಂತು, ಮನಸ್ಸು ಇನ್ನೂ ಒಪ್ಪಿಲ್ಲ.