ಮುಂದಿನ ಚಕ್ರದ ಹಿಂದೆ ಒಂದು ಕೆಂಪು ಚುಕ್ಕೆ

ಮೊನ್ನೆ ಭಾನುವಾರ ತಂಗಿಯ ಮಗಳು ನಮ್ಮ ವಿಜಯನಗರದ ಮನೆಯ ಹಾಲ್‌ನಲ್ಲಿ ಕಾಲು ಚಾಚಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಬಾಲ್ಕನಿಗೆ ಹೋಗಿ ಹಚ್ಚಿಕೋ ಎಂದು ಗದರಿಬಿಟ್ಟೆ. ದೊಡ್ಡಮ್ಮನಿಗೆ ಶೋಕಿ ಕಂಡರಾಗದು ಎಂದುಕೊಂಡಿರಬೇಕು. ನನಗೆ ನೆನಪಾದದ್ದು ನಾಯಂಡಹಳ್ಳಿಯ ಒಂದು ತಗಡಿನ ಶೆಡ್ಡು, ಅಲ್ಲಿನ ವಯಸ್ಸಾದ ಮೆಕ್ಯಾನಿಕ್, ನಾನು ಅವರಿಗೆ ಮಾಡಿದ ಅವಮಾನ...

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನ ತಕ್ಕಡಿಯ ಕೆಳಗೆ ಬಗ್ಗಿ ನೋಡುವವಳು, ಬೀಗ ಹಾಕಿ ಮೂರು ಸಲ ಜಗ್ಗುವವಳು ನಾನು. ಆದರೆ ಆ ಶೆಡ್ಡಿಗೆ ಹೋದ ವರ್ಷ ಅದಕ್ಕೆ ಕಾರಣವೂ ಇತ್ತು. ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಟೋದ ಕುಲುಕಾಟ ಅವಳ ಸೊಂಟಕ್ಕೆ ಆಗುತ್ತಿರಲಿಲ್ಲ, ನಮ್ಮ ಹಳೆಯ ಕಾರೇ ಗತಿ. ಒಂದು ಸಲ ಯಾವುದೋ ಗ್ಯಾರೇಜಿನವನು ಹೊಸದು ಹಾಕಿದ್ದೇನೆಂದು ಹೇಳಿ ಹಳೆಯ ಭಾಗವನ್ನೇ ತೊಳೆದು ಕೂರಿಸಿ ಕಳಿಸಿದ್ದ. ಮೈಸೂರು ರಸ್ತೆಯ ಮೇಲ್ಸೇತುವೆಯ ನಡುವೆ ಕಾರು ನಿಂತಾಗ ಅಮ್ಮ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಆ ದಿನ ನಾನು ಎಷ್ಟು ಹೆದರಿದ್ದೆ ಎಂಬುದನ್ನು ಯಾರಿಗೂ ಹೇಳಿಲ್ಲ.

ಮುಂದಿನ ಎಡಚಕ್ರದಿಂದ ಗುಂಯ್ ಎಂಬ ಸದ್ದು ಶುರುವಾದಾಗ ಪಕ್ಕದ ಮನೆಯವರು ನಾಯಂಡಹಳ್ಳಿಯ ಈ ಮೆಕ್ಯಾನಿಕ್ ಬಳಿಗೆ ಕಳಿಸಿದರು. ಅವರು ಕಾರನ್ನು ಒಂದು ಸುತ್ತು ಓಡಿಸಿ ನೋಡಿ, ಬೇರಿಂಗ್ ಹೋಗಿದೆ ಎಂದರು. ಅದು ಸ್ಟೀರಿಂಗ್ ನಕಲ್‌ನೊಳಗೆ, ಅಂದರೆ ಚಕ್ರವನ್ನು ಹಿಡಿದು ತಿರುಗಿಸುವ ದಪ್ಪ ಕಬ್ಬಿಣದ ತೋಳಿನೊಳಗೆ, ಬಿಗಿಯಾಗಿ ಕೂತಿರುತ್ತದಂತೆ. ನಕಲ್ ಮತ್ತು ಚಕ್ರ ಕೂರುವ ಹಬ್ ಎರಡನ್ನೂ ಒಟ್ಟಿಗೆ ಕಳಚಿ, ಹಿಂದಿನ ಬೀದಿಯ ಹೈಡ್ರಾಲಿಕ್ ಪ್ರೆಸ್ಸಿಗೆ ಒಯ್ದು, ಹಳೆಯ ಬೇರಿಂಗನ್ನು ಒತ್ತಿಸಿ ತೆಗೆದು ಹೊಸದನ್ನು ಕೂರಿಸಬೇಕು. ಗುರುವಾರ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಎಂದೆ. ಹಾಗಾದರೆ ಬುಧವಾರ ಬೆಳಿಗ್ಗೆ ತನ್ನಿ, ಸಂಜೆಯೊಳಗೆ ಕೊಡುತ್ತೇನೆ ಎಂದರು.

ನನ್ನ ತಲೆಯಲ್ಲಿ ಕೂತದ್ದು ಆ ಹಿಂದಿನ ಬೀದಿ. ಕಣ್ಣಿಗೆ ಕಾಣದ ಕಡೆಗೆ ಹೋದ ಸಾಮಾನು ಅದೇ ಸಾಮಾನಾಗಿ ಯಾಕೆ ವಾಪಸ್ ಬರಬೇಕು? ಮಂಗಳವಾರ ಸಂಜೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಕೈ ತೂರಿಸಿ, ತಂಗಿಯ ಕೆಂಪು ನೇಲ್ ಪಾಲಿಶ್‌ನಿಂದ ನಕಲ್ ಮೇಲೆ ಒಂದು ಚುಕ್ಕೆ ಇಟ್ಟೆ. ಒಣಗಿತೇ ಎಂದು ಮುಟ್ಟಿ ನೋಡಿದ್ದಕ್ಕೆ ನನ್ನ ಬೆರಳಿನ ಗೆರೆಗಳು ಅದರಲ್ಲಿ ಅಚ್ಚಾದವು. ಒಳ್ಳೆಯದೇ ಆಯಿತು, ಇನ್ನು ಬದಲಾಯಿಸಲಿ ನೋಡೋಣ ಎಂದುಕೊಂಡೆ.

ಬುಧವಾರ ಸ್ಟೂಲ್ ಕೇಳಿ ಇಸಕೊಂಡು ಅಲ್ಲೇ ಕೂತೆ. ಆಕ್ಸಲ್‌ನ ದೊಡ್ಡ ನಟ್ಟು ಸಡಿಲಿಸುವಾಗ ಚಕ್ರ ತಿರುಗದಂತೆ ಬ್ರೇಕ್ ಒತ್ತಿ ಹಿಡಿಯಲು ನನ್ನನ್ನೇ ಕರೆದರು. ನನ್ನ ಗಮನ ತಪ್ಪಿಸುವ ಉಪಾಯವಿರಬೇಕು ಎಂದು ಅದಕ್ಕೂ ಅನುಮಾನಪಟ್ಟೆ. ಆಮೇಲೆ ಜಾಕಿ ಏರಿಸಿ ಚಕ್ರ ತೆಗೆದರು. ಬ್ರೇಕಿನ ಭಾಗವನ್ನು ಜೋತುಬೀಳಲು ಬಿಡದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದರು. ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡುತ್ತಾ ಹೋದರು. ಸ್ಟೀರಿಂಗಿನ ಕೀಲು ಹಟ ಮಾಡಿದಾಗ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಎರಡೇ ಏಟು, ಅದು ಕಳಚಿಕೊಂಡಿತು. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರು ಮೋಸವನ್ನೂ ಅಚ್ಚುಕಟ್ಟಾಗಿಯೇ ಮಾಡಿಯಾರು ಎಂದು ನಾನು ಕಣ್ಣು ಕೀಳಲಿಲ್ಲ.

ಕೊನೆಗೆ ಹಬ್ ಸಮೇತ ನಕಲ್ ಅವರ ಕೈಗೆ ಬಂತು. ಬಟ್ಟೆಯಿಂದ ಮಣ್ಣು ಒರೆಸುತ್ತಿದ್ದ ಕೈ ಒಂದು ಕಡೆ ನಿಂತಿತು. ಚುಕ್ಕೆಯನ್ನು ನೋಡಿದರು, ಆಮೇಲೆ ಕೆಂಪು ಇನ್ನೂ ಅಂಟಿಕೊಂಡಿದ್ದ ನನ್ನ ಬೆರಳನ್ನು ನೋಡಿದರು. ಪ್ರೆಸ್ಸಿನ ಹತ್ತಿರ ನೀವೂ ಬರುತ್ತೀರಾ ಎಂದಷ್ಟೇ ವಿಚಾರಿಸಿದರು. ಸಿಕ್ಕಿಬಿದ್ದ ನಾಚಿಕೆಗೆ ಬೇಡ ಎಂದುಬಿಟ್ಟೆ. ಅವರು ಬೀದಿಯ ತಿರುವು ದಾಟಿದ ಮೇಲೆ ಹೋಗಬೇಕಿತ್ತು ಎಂದು ಕೈ ಕೈ ಹಿಸುಕಿಕೊಂಡೆ.

ಎರಡು ಗಂಟೆ ಬಿಟ್ಟು ಬಂದರು. ಹಳೆಯ ಬೇರಿಂಗನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟು, ಎಲ್ಲವನ್ನೂ ತಿರುಗಿ ಜೋಡಿಸಿದರು. ನಕಲ್ ಪೂರ್ತಿ ತೊಳೆದಾಗಿತ್ತು. ಚುಕ್ಕೆಯ ಸುತ್ತ ಮಾತ್ರ ಹೆಬ್ಬೆರಳಗಲ ಹಳೆಯ ಕೊಳೆ ಹಾಗೇ ಉಳಿದಿತ್ತು.

"ನಿಮ್ ಗುರುತು ಹಂಗೇ ಇದೆ ಮೇಡಂ. ಒಂದ್ಸಲ ನೋಡ್ಕೊಂಡ್ಬಿಡಿ," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಚುಚ್ಚಿತು. ಬಗ್ಗದೆ, ನಿಂತಲ್ಲಿಂದಲೇ ತಲೆಯಾಡಿಸಿದೆ.

ಕಾರಿನ ಸದ್ದು ಹೋಗಿತ್ತು. ಆದರೆ ದೀಪಾಂಜಲಿ ನಗರ ದಾಟುವ ಮೊದಲೇ ನನ್ನ ಬುದ್ಧಿ ತನ್ನ ದಾರಿ ಹಿಡಿಯಿತು. ಕೆಂಪು ನೇಲ್ ಪಾಲಿಶ್ ಯಾವ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವುದಿಲ್ಲ? ಬೇರೆ ನಕಲ್ ಮೇಲೆ ಇನ್ನೊಂದು ಚುಕ್ಕೆ ಇಡಲು ಎರಡು ಗಂಟೆ ಬೇಕೇ? ಬೆರಳಿನ ಗೆರೆ ಇದೆಯೇ ಎಂದು ಬಗ್ಗಿ ನೋಡಿದ್ದರೆ ಮುಗಿಯುತ್ತಿತ್ತು. ನೋಡಲಿಲ್ಲ. ಅನುಮಾನ ನಿಜವಾದೀತು ಎನ್ನುವುದಕ್ಕಿಂತ ಸುಳ್ಳಾದೀತು ಎಂಬ ಹೆದರಿಕೆಯೇ ನನಗೆ ಹೆಚ್ಚಾಗಿತ್ತು. ಸುಳ್ಳಾದರೆ ವಾಪಸ್ ಹೋಗಿ ಅವರ ಮುಖ ನೋಡಬೇಕಲ್ಲ! ಮತ್ತೆ ಆ ಶೆಡ್ಡಿಗೆ ಕಾಲಿಡಲಿಲ್ಲ. ಅದೇ ಕಾರಿನಲ್ಲಿ ಅಮ್ಮ ಇನ್ನೂ ಮೂರು ವರ್ಷ ಆಸ್ಪತ್ರೆಗೆ ಓಡಾಡಿದಳು. ಒಂದು ದಿನವೂ ಅದು ದಾರಿಯಲ್ಲಿ ನಿಲ್ಲಲಿಲ್ಲ. ಆಮೇಲೆ ಅಮ್ಮ ಹೋದಳು, ಕಾರು ಉಳಿಯಿತು.

ಮೊನ್ನೆ ಆ ಘಾಟು ತಡೆಯಲಾಗದೆ ಕೆಳಗಿಳಿದು, ಸ್ಟೀರಿಂಗ್ ತಿರುಗಿಸಿ, ನೆಲಕ್ಕೆ ಪೇಪರ್ ಹಾಸಿ ಮಲಗಿ ಮೊಬೈಲಿನ ಬೆಳಕು ಬಿಟ್ಟೆ. ಕೊಳೆ ಒರೆಸಿದಾಗ ಚುಕ್ಕೆ ಕಂಡಿತು. ಬಣ್ಣ ಇಟ್ಟಿಗೆಯಂತಾಗಿತ್ತು. ಅದರಲ್ಲಿ ನನ್ನ ಬೆರಳಿನ ಗೆರೆಗಳಿದ್ದವು.

ಸೋಮವಾರವೇ ನಾಯಂಡಹಳ್ಳಿಗೆ ಹೋದೆ. ಶೆಡ್ಡಿನ ಜಾಗದಲ್ಲಿ ಟೈಲ್ಸ್ ಗೋಡೌನ್ ಎದ್ದಿತ್ತು. ಹಿಂದಿನ ಬೀದಿಯ ಪ್ರೆಸ್ಸು ಮಾತ್ರ ಇತ್ತು. ಆ ಮೆಕ್ಯಾನಿಕ್ ತೀರಿಕೊಂಡು ಎರಡು ವರ್ಷವಾಯಿತು ಎಂದ ಪ್ರೆಸ್ಸಿನ ಮಾಲೀಕ. ಅಷ್ಟು ದೂರ ಬಂದು ಸುಮ್ಮನೆ ಹಿಂತಿರುಗಲಾಗದೆ ಚುಕ್ಕೆಯ ವಿಷಯ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅದು ನೀವೇನಾ ಮೇಡಂ? ಥಿನ್ನರ್ ಹಾಕಿ ತೊಳೆಯೋಕೆ ಹೋದೆ, ಅವ್ರು ನನ್ ಕೈ ಹಿಡ್ಕೊಂಡ್ಬಿಟ್ರು. ಅದನ್ ಮುಟ್ಬೇಡ ಕಣೋ, ಅದು ಅಳಿಸೋದ್ರೆ ಆಯಮ್ಮ ನಾಳೆ ಅವರಮ್ಮನ್ನ ಈ ಗಾಡೀಲಿ ಕೂರ್ಸೋಕೆ ಹೆದರ್ತಾರೆ ಅಂದ್ರು."

ವಿಜಯನಗರದಿಂದ ನಾಯಂಡಹಳ್ಳಿ ಎಷ್ಟು ದೂರ? ಇಷ್ಟು ವರ್ಷ ನಾನು ಹೋಗಲಿಲ್ಲ. ವಾಪಸ್ ಬರುವಾಗ ಬಲಗಡೆಯ ಚಕ್ರದಿಂದ ಅದೇ ಗುಂಯ್ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಇದನ್ನು ಯಾರ ಕೈಗೆ ಕೊಡಲಿ ಎಂದು ಮನೆಯವರೆಗೂ ಯೋಚಿಸಿದೆ, ಒಬ್ಬರ ಮುಖವೂ ಹೊಳೆಯಲಿಲ್ಲ.